ಕಾರ್ಡನ್ನು ಕಳಿಸುವ ಮೊದಲು ದೀಪದ ಕೆಳಗೆ ಹಿಡಿಯಿರಿ: ಸಂಗ್ರಹ, ಗ್ರೇಡಿಂಗ್, ಹೂಡಿಕೆ

ಕ್ರೀಡಾಪಟುಗಳ ಕಾರ್ಡ್, ಪೋಕೆಮಾನ್‌ನಂಥ ಆಟದ ಕಾರ್ಡ್ ಕೂಡಿಡುವುದು ನನ್ನ ಹವ್ಯಾಸ. ಕಾರ್ಡ್ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಕಂಪನಿಯೊಂದು ನೋಡಿ, 1ರಿಂದ 10ರೊಳಗೆ ಅಂಕ ಕೊಟ್ಟು, ಸ್ಲ್ಯಾಬ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ವಾಪಸ್ ಕೊಡುವುದೇ ಗ್ರೇಡಿಂಗ್. ಮೊದಲ ಸಲ ಗ್ರೇಡಿಂಗ್‌ಗೆ ನಾನು ಇಪ್ಪತ್ತು ಕಾರ್ಡ್ ಕಳಿಸಿದ್ದೆ. ಎಲ್ಲವೂ ಪ್ಯಾಕ್‌ನಿಂದ ತೆಗೆದ ಕೂಡಲೇ ಕವರಿಗೆ ಹಾಕಿಟ್ಟವು. ಒಂದು ಗೀರಿಲ್ಲ, ಒಂದು ಮಡಿಕೆಯಿಲ್ಲ ಅಂತ ನನ್ನ ನಂಬಿಕೆ. ಹದಿನೈದಕ್ಕಾದರೂ ಹತ್ತು ಬರುತ್ತದೆ ಎಂದು ಲೆಕ್ಕ ಹಾಕಿ, ಆ ದುಡ್ಡಲ್ಲಿ ಏನು ಕೊಳ್ಳಬೇಕು ಅಂತಲೂ ಯೋಚಿಸಿಟ್ಟಿದ್ದೆ. ಕೆಲವು ತಿಂಗಳ ನಂತರ ಡಬ್ಬ ವಾಪಸ್ ಬಂತು. ಹತ್ತು ಬಂದದ್ದು ಎರಡೇ ಎರಡಕ್ಕೆ. ಏಳು ಕಾರ್ಡಿಗೆ ಒಂಬತ್ತು. ಉಳಿದವು ಎಂಟು, ಏಳು. ಒಂದಕ್ಕಂತೂ ಆರು.

ಆ ಆರರ ಕಾರ್ಡನ್ನು ಹಿಡಿದುಕೊಂಡು ಅರ್ಧ ಗಂಟೆ ಕೂತೆ. ಏನೂ ಕಾಣಲಿಲ್ಲ. ಕೊನೆಗೆ ಮೇಜಿನ ದೀಪ ಹಚ್ಚಿ ಓರೆಯಾಗಿ ಹಿಡಿದಾಗ ಕಂಡಿತು. ಹಿಂಭಾಗದಲ್ಲಿ, ಉಗುರಿನ ತುದಿ ಒತ್ತಿದಷ್ಟು ಸಣ್ಣ ತಗ್ಗು. ಕಳಿಸುವ ಮೊದಲೂ ಅದು ಅಲ್ಲೇ ಇತ್ತು. ನಾನು ನೋಡಿರಲಿಲ್ಲ ಅಷ್ಟೇ.

ಈ ಹವ್ಯಾಸದಲ್ಲಿ ದುಡ್ಡು ಬರುವುದೂ ಹೋಗುವುದೂ ಬಹುಪಾಲು ಆ ದೀಪದ ಕೆಳಗೇ. ಹಾಗಾಗಿ ಇಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬೇರೆ ಹೆಜ್ಜೆಗಳನ್ನು ಬೇಗ ಮುಗಿಸುತ್ತೇನೆ.

ಹೆಜ್ಜೆ 1: ಏನು ಕೂಡಿಡುತ್ತೀರಿ ಅಂತ ಮೊದಲು ತೀರ್ಮಾನಿಸಿ

ಕ್ರೀಡಾ ಕಾರ್ಡ್‌ಗಳಲ್ಲಿ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಐಸ್ ಹಾಕಿ, ಸಾಕರ್ ಅಂತ ದೊಡ್ಡ ದೊಡ್ಡ ಲೋಕಗಳಿವೆ. ಆಟದ ಕಾರ್ಡ್‌ಗಳದ್ದು ಇನ್ನೊಂದು ಲೋಕ. ಮ್ಯಾಜಿಕ್: ದ ಗ್ಯಾದರಿಂಗ್ 1993ರಲ್ಲಿ ಬಂತು. ಪೋಕೆಮಾನ್ ಕಾರ್ಡ್ 1996ರಲ್ಲಿ ಜಪಾನಿನಲ್ಲಿ, 1999ರಲ್ಲಿ ಇಂಗ್ಲಿಷಿನಲ್ಲಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಳ್ಳುವವರು ಯಾವುದನ್ನೂ ಸರಿಯಾಗಿ ಕಲಿಯುವುದಿಲ್ಲ. ಒಬ್ಬ ಆಟಗಾರ, ಒಂದು ತಂಡ, ಒಂದು ವರ್ಷದ ಸೆಟ್, ಇಲ್ಲವೇ ಒಂದೇ ಪೋಕೆಮಾನ್ ಹಿಡಿದು ಹೊರಡಿ. ಆರು ತಿಂಗಳು ಅದನ್ನೇ ನೋಡುತ್ತಿದ್ದರೆ, ಯಾವ ಬೆಲೆ ಜಾಸ್ತಿ, ಯಾವುದು ಕಮ್ಮಿ ಅನ್ನುವುದು ತಾನಾಗೇ ಗೊತ್ತಾಗತೊಡಗುತ್ತದೆ.

ಬೆಲೆ ಹುಟ್ಟುವುದು ಮೂರು ಸಂಗತಿ ಕೂಡಿದಾಗ: ಕಾರ್ಡ್ ಅಪರೂಪ ಇರಬೇಕು, ಚೆನ್ನಾಗಿ ಉಳಿದಿರಬೇಕು, ಅದು ಬೇಕು ಅನ್ನುವ ಜನ ಇರಬೇಕು. ಮೂರನೆಯದನ್ನು ಹೊಸಬರು ಮರೆತುಬಿಡುತ್ತಾರೆ. ಪ್ರಪಂಚದಲ್ಲಿ ಐದೇ ಇರುವ ಕಾರ್ಡ್ ಅಂದರೆ ಕೇಳಲು ಚೆನ್ನ. ಆರನೆಯವನು ಕೇಳಿಕೊಂಡು ಬರದಿದ್ದರೆ?

ಈ ಮೂರೂ ಕೂಡಿಬಂದ ಕಾರ್ಡ್ ಅಂದರೆ ಟಾಪ್ಸ್ ಕಂಪನಿ 1952ರಲ್ಲಿ ತಂದ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಕಾರ್ಡ್, ಸೆಟ್ಟಿನ 311ನೇ ನಂಬರ್. ಆ ವರ್ಷದ ಸೆಟ್ಟಿನ ಕೊನೆಯ ಭಾಗ ಸರಿಯಾಗಿ ಮಾರಾಟವಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವು ಎಂದು ಆ ಸೆಟ್ ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. 2022ರ ಆಗಸ್ಟ್‌ನಲ್ಲಿ ಅದರ ಒಂದು ಪ್ರತಿ, ಎಸ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಯ 9.5 ಗ್ರೇಡಿನದು, 1.26 ಕೋಟಿ ಡಾಲರಿಗೆ ಹೋಯಿತು. ಇನ್ನೊಂದು ವಿಷಯ: ಅದು ಮ್ಯಾಂಟಲ್‌ನ ಮೊದಲ ಕಾರ್ಡ್ ಅಲ್ಲ. ಆಟಗಾರನ ಮೊದಲ ಕಾರ್ಡಿಗೆ ರೂಕಿ ಕಾರ್ಡ್ ಎನ್ನುತ್ತಾರೆ, ಮ್ಯಾಂಟಲ್‌ನದು ಹಿಂದಿನ ವರ್ಷದ ಬೋಮನ್ ಕಂಪನಿಯ ಸೆಟ್ಟಿನದು. ಜನರಿಗೆ ಯಾವುದರ ಮೇಲೆ ಮನಸ್ಸು ಕೂರುತ್ತದೋ ಅದಕ್ಕೇ ಬೆಲೆ. ನಿಯಮ ಪುಸ್ತಕ ತೆಗೆದು ವಾದ ಮಾಡಿ ಪ್ರಯೋಜನವಿಲ್ಲ.

ಹೆಜ್ಜೆ 2: ಕಾರ್ಡ್ ಓದಲು ಕಲಿಯಿರಿ

ಕಾರ್ಡ್ ಕೈಗೆ ಬಂದರೆ ಮೊದಲು ಹಿಂದೆ ತಿರುಗಿಸಿ. ವರ್ಷ, ಕಂಪನಿ, ಸೆಟ್, ಕಾರ್ಡ್ ನಂಬರ್ ಬಹುಪಾಲು ಅಲ್ಲೇ ಇರುತ್ತವೆ. ಒಂದು ಎಚ್ಚರ ಇರಲಿ. ಹಿಂದೆ ಕೊಟ್ಟಿರುವ ಅಂಕಿಅಂಶ ಹಿಂದಿನ ಸೀಸನ್ನಿನದು. ಅದರ ಕೊನೆಯ ಸಾಲಿನ ವರ್ಷವೇ ಕಾರ್ಡಿನ ವರ್ಷ ಅಂದುಕೊಂಡರೆ ತಪ್ಪುತ್ತದೆ.

ಆಮೇಲೆ ನೋಡಬೇಕಾದದ್ದು ಅದು ಸಾದಾ ಬೇಸ್ ಕಾರ್ಡೋ, ಪ್ಯಾರಲಲ್ಲೋ ಅನ್ನುವುದು. ಪ್ಯಾರಲಲ್ ಅಂದರೆ ಅದೇ ಚಿತ್ರ, ಅದೇ ನಂಬರ್, ಆದರೆ ಬೇರೆ ಬಣ್ಣ ಅಥವಾ ಬೇರೆ ಹೊಳಪು, ಕಮ್ಮಿ ಪ್ರತಿಗಳು. ಕೆಲವಕ್ಕೆ 25/99 ಅಂತ ಮುದ್ರೆ ಇರುತ್ತದೆ. ಒಟ್ಟು 99 ಮುದ್ರಿಸಿದ್ದಾರೆ, ಇದು 25ನೆಯದು ಅಂತ ಅರ್ಥ. ಇದನ್ನು ಗುರುತಿಸದೆ ಬೆಳ್ಳಿ ಹೊಳಪಿನ ಪ್ಯಾರಲಲ್ ಅನ್ನು ಸಾದಾ ಕಾರ್ಡಿನ ಬೆಲೆಗೆ ಕೊಟ್ಟು ಕೈ ಕೈ ಹಿಸುಕಿಕೊಂಡವರು ತುಂಬಾ ಜನ.

ಪೋಕೆಮಾನ್‌ನಲ್ಲಿ ಇಂಥದ್ದೇ ಇನ್ನೊಂದು ಕತೆ. 1999ರ ಬೇಸ್ ಸೆಟ್ಟಿನ ಚಾರಿಜಾರ್ಡ್, 4/102 (ಇಲ್ಲಿ ಅರ್ಥ ಸೆಟ್ಟಿನ 102 ಕಾರ್ಡ್‌ಗಳಲ್ಲಿ 4ನೆಯದು ಅಂತ), ಒಂದೇ ಚಿತ್ರದಲ್ಲಿ ಹಲವು ರೂಪವಾಗಿ ಸಿಗುತ್ತದೆ. ಚಿತ್ರದ ಕೆಳಗೆ ಎಡಕ್ಕೆ ಫಸ್ಟ್ ಎಡಿಷನ್ ಮುದ್ರೆ ಇದ್ದರೆ ಒಂದು ಬೆಲೆ. ಮುದ್ರೆ ಇಲ್ಲ, ಆದರೆ ಚಿತ್ರದ ಚೌಕಟ್ಟಿನ ಬಲಗಡೆ ನೆರಳೂ ಇಲ್ಲ ಅಂದರೆ ಅದಕ್ಕೆ ಶ್ಯಾಡೋಲೆಸ್ ಎನ್ನುತ್ತಾರೆ, ಬೆಲೆ ಇನ್ನೊಂದು. ನೆರಳು ಇದ್ದರೆ ಅನ್‌ಲಿಮಿಟೆಡ್. ಮನೆಯಲ್ಲಿ ಹಳೇ ಚಾರಿಜಾರ್ಡ್ ಇದೆ ಎಂದು ಕುಣಿಯುವವರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಈ ಕೊನೆಯದು. ಅದೂ ಚೀಲದಲ್ಲಿ ಹಾಕಿಕೊಂಡು ಆಡಿ ಸವೆದದ್ದು.

ಬೇಸ್‌ಬಾಲ್‌ನಲ್ಲಿ 2006ರಿಂದ ರೂಕಿ ಕಾರ್ಡಿನ ಮೇಲೆ ಆರ್‌ಸಿ ಲಾಂಛನ ಹಾಕುತ್ತಾರೆ. ಅದಕ್ಕಿಂತ ಹಳೆಯವಕ್ಕೆ ಪಟ್ಟಿ ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ಹೆಜ್ಜೆ 3: ಮುಟ್ಟುವುದು, ಇಡುವುದು

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಅಂಚು ಹಿಡಿದು ಎತ್ತಿ, ಮುಖದ ಮೇಲೆ ಬೆರಳಿಡಬೇಡಿ. ಮೊದಲು ಪೆನ್ನಿ ಸ್ಲೀವ್ ಅನ್ನುವ ಮೆತ್ತನೆಯ ಪ್ಲಾಸ್ಟಿಕ್ ಕವರ್, ಅದರ ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಕವರ್. ಸ್ಲೀವ್ ಇಲ್ಲದೆ ನೇರವಾಗಿ ಟಾಪ್‌ಲೋಡರಿಗೆ ತುರುಕಬೇಡಿ, ಮೇಲ್ಮೈ ಗೀರು ಬೀಳುತ್ತದೆ. ಸ್ಲೀವ್‌ಗೆ ಹಾಕುವಾಗಲೇ ಮೂಲೆ ತಾಗಿ ಬೆಳ್ಳಗಾಗುವುದು ಜಾಸ್ತಿ. ಸ್ಲೀವ್‌ನ ಬಾಯಿಯನ್ನು ಸ್ವಲ್ಪ ಒತ್ತಿ ಅಗಲ ಮಾಡಿಕೊಂಡು ನಿಧಾನಕ್ಕೆ ಜಾರಿಸಿ. ಆಲ್ಬಮ್ ಬಳಸುವುದಾದರೆ ಪಿವಿಸಿ ಇಲ್ಲದ ಹಾಳೆಗಳನ್ನೇ ಕೊಳ್ಳಿ. ಪಿವಿಸಿ ವರ್ಷಗಳು ಕಳೆದಂತೆ ಬೆವರಿದ ಹಾಗೆ ಅಂಟಂಟಾಗಿ ಕಾರ್ಡನ್ನೂ ಹಾಳು ಮಾಡುತ್ತದೆ. ಉಂಗುರದ ಆಲ್ಬಮ್‌ನಲ್ಲಿ ಒಳಗಿನ ಸಾಲಿನ ಕಾರ್ಡ್‌ಗಳಿಗೆ ಉಂಗುರ ಒತ್ತಿ ತಗ್ಗು ಬೀಳುತ್ತದೆ, ಅದನ್ನೂ ನೋಡಿಕೊಳ್ಳಿ.

ಬಿಸಿಲು ಬಣ್ಣ ಹೀರುತ್ತದೆ. ತೇವ ಬಾಗಿಸುತ್ತದೆ. ಹೊಳಪಿನ ಕ್ರೋಮ್ ಕಾರ್ಡ್‌ಗಳಲ್ಲಿ ಮೇಲಿನ ಪದರ ಮತ್ತು ಕಾಗದ ಬೇರೆ ಬೇರೆ ಥರ ಹಿಗ್ಗುವುದರಿಂದ ಅವು ಬೇಗ ಕೊಡೆ ಹಾಗೆ ಬಾಗುತ್ತವೆ. ಗಾಳಿಯ ತೇವ ನೂರಕ್ಕೆ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಬಹುದು, ಆದರೆ ಅವನ್ನು ಆಗಾಗ ಬದಲಿಸಬೇಕು.

ಹೆಜ್ಜೆ 4: ಗ್ರೇಡ್ ನೀವೇ ಹಾಕಿ

ಈಗ ದೀಪ ಹಚ್ಚಿ. ಬೇಕಾಗುವುದು ಇಷ್ಟು: ಬೆಳಕಿನ ದಿಕ್ಕು ತಿರುಗಿಸಬಹುದಾದ ಮೇಜಿನ ದೀಪ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಸ್ಕೇಲ್, ಮೈಕ್ರೋಫೈಬರ್ ಬಟ್ಟೆ, ಮೇಜಿನ ಮೇಲೆ ಹಾಸಲು ಕಪ್ಪು ಬಟ್ಟೆ. ಗ್ರೇಡರ್‌ಗಳು ನೋಡುವುದು ನಾಲ್ಕು: ಸೆಂಟರಿಂಗ್ (ಚಿತ್ರ ಕಾರ್ಡಿನ ಸರಿ ನಡುವೆ ಕೂತಿದೆಯೇ ಅನ್ನುವುದು), ಮೂಲೆ, ಅಂಚು, ಮೇಲ್ಮೈ.

ಸೆಂಟರಿಂಗ್‌ನಿಂದ ಶುರು ಮಾಡಿ. ಅದನ್ನು ಅಳೆಯಬಹುದು, ಊಹೆಯ ಮಾತಿಲ್ಲ. ಎಡಗಡೆಯ ಬಿಳಿ ಅಂಚು 2 ಮಿಲಿಮೀಟರ್, ಬಲಗಡೆಯದು 3 ಅಂತಿಟ್ಟುಕೊಳ್ಳಿ. ಒಟ್ಟು 5ರಲ್ಲಿ 3, ಅಂದರೆ 60/40. ಪಿಎಸ್‌ಎ ಎಂಬ ಗ್ರೇಡಿಂಗ್ ಕಂಪನಿ ಹತ್ತು ಕೊಡಲು ಮುಂಭಾಗ ಸುಮಾರು 55/45 ಒಳಗೆ, ಹಿಂಭಾಗ 75/25 ಒಳಗೆ ಇರಬೇಕು ಅನ್ನುತ್ತದೆ. ನಮ್ಮ 5 ಮಿಲಿಮೀಟರ್ ಲೆಕ್ಕದಲ್ಲಿ 55/45 ಅಂದರೆ ಎರಡೂ ಬದಿಯ ವ್ಯತ್ಯಾಸ ಅರ್ಧ ಮಿಲಿಮೀಟರ್. ಬರಿಗಣ್ಣಿಗೆ ಸರಿ ಅನ್ನಿಸಿದ್ದು ಸ್ಕೇಲ್ ಇಟ್ಟಾಗ ಸರಿಯಿರುವುದಿಲ್ಲ. ಮೇಲೆ ಕೆಳಗೆ ಅಳೆಯುವುದನ್ನು ಮರೆಯಬೇಡಿ, ಎಲ್ಲರೂ ಎಡ ಬಲ ಮಾತ್ರ ನೋಡುತ್ತಾರೆ. ಸೆಂಟರಿಂಗ್ ಕೆಟ್ಟಿದ್ದರೆ ಉಳಿದದ್ದು ನೋಡುವ ಕಷ್ಟವೇ ಬೇಡ. ಹತ್ತರ ಆಸೆ ಅಲ್ಲಿಗೇ ಬಿಡಿ.

ಮೂಲೆಗಳು ನಾಲ್ಕಲ್ಲ, ಎಂಟು. ಹಿಂದೆ ತಿರುಗಿಸಿದರೆ ಇನ್ನೂ ನಾಲ್ಕು. ಕಪ್ಪು ಬಟ್ಟೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಚೂಪು ತುದಿಯಲ್ಲಿ ಬಿಳಿ ಕಾಗದದ ನಾರು ಎದ್ದಿದ್ದರೆ ಒಂಬತ್ತಕ್ಕೋ ಎಂಟಕ್ಕೋ ಇಳಿಯುತ್ತದೆ. ಪೋಕೆಮಾನ್ ಕಾರ್ಡಿನ ಹಿಂಭಾಗ ಕಡು ನೀಲಿ, ಅಲ್ಲಿ ಬಿಳಿ ಚುಕ್ಕೆ ಎದ್ದು ಕಾಣುತ್ತದೆ. ಟಾಪ್ಸ್ 1971ರ ಬೇಸ್‌ಬಾಲ್ ಸೆಟ್ಟಿನ ಅಂಚು ಪೂರ್ತಿ ಕಪ್ಪು. ಒಂದು ಚೂರು ಬಣ್ಣ ಎದ್ದರೂ ಕೂಗಿ ಹೇಳುತ್ತದೆ. ಅದಕ್ಕೇ ಆ ಸೆಟ್ಟಿನಲ್ಲಿ ಒಳ್ಳೆ ಗ್ರೇಡ್ ಸಿಗುವುದು ಅಷ್ಟು ಕಷ್ಟ.

ಅಂಚು ನೋಡಲು ಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉದ್ದಕ್ಕೂ ದೃಷ್ಟಿ ಹರಿಸಿ. ಫ್ಯಾಕ್ಟರಿಯಲ್ಲಿ ಮೊಂಡಾದ ಬ್ಲೇಡಿನಿಂದ ಕತ್ತರಿಸಿದ್ದರೆ ಅಂಚು ಒರಟಾಗಿರುತ್ತದೆ. ಹೊಳಪಿನ ಪದರ ಸಣ್ಣಗೆ ಚಕ್ಕೆ ಎದ್ದಿರಬಹುದು. ಪ್ಯಾಕ್‌ನಿಂದ ನೇರ ತೆಗೆದದ್ದು, ಹೇಗೆ ಹಾಳಾಗುತ್ತೆ ಅಂತ ಕೇಳುತ್ತಾರೆ. ಹುಟ್ಟುವಾಗಲೇ ಹಾಳಾಗಿ ಹುಟ್ಟಿರುತ್ತದೆ, ಅಷ್ಟೇ. ಗ್ರೇಡರ್‌ಗೆ ಯಾರ ತಪ್ಪು ಅನ್ನುವುದು ಬೇಕಿಲ್ಲ.

ಮೇಲ್ಮೈ ಎಲ್ಲಕ್ಕಿಂತ ಮೋಸಗಾರ. ನನ್ನ ಆರರ ಕಾರ್ಡ್ ಸಿಕ್ಕಿಬಿದ್ದದ್ದು ಇಲ್ಲೇ. ಕೋಣೆಯ ದೊಡ್ಡ ದೀಪ ಆರಿಸಿ, ಮೇಜಿನ ದೀಪ ಒಂದೇ ಉರಿಯಲಿ. ಬೆಳಕು ಕಾರ್ಡಿನ ಮೇಲೆ ಅಡ್ಡಲಾಗಿ ಸವರಿಕೊಂಡು ಹೋಗುವಂತೆ ಹಿಡಿಯಿರಿ. ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ನಿಧಾನಕ್ಕೆ ಓಲಾಡಿಸಿ. ಆಗ ನೇರ ಬೆಳಕಿನಲ್ಲಿ ಅಡಗಿದ್ದೆಲ್ಲ ಹೊರಬರುತ್ತದೆ: ಕೂದಲೆಳೆಯಂಥ ಗೀರು, ಮುದ್ರಣ ಯಂತ್ರದ ಉರುಳೆ ಬಿಟ್ಟ ಉದ್ದ ಗೆರೆ, ಒತ್ತಿದ ತಗ್ಗು, ಬೆರಳಚ್ಚು. ಹಳೇ ಕಾರ್ಡ್‌ಗಳಲ್ಲಿ ಪ್ಯಾಕ್‌ನ ಮೇಣದ ಕಲೆ, ಚ್ಯೂಯಿಂಗ್ ಗಮ್ ಕಲೆಯೂ ಇರುತ್ತದೆ. ಆಮೇಲೆ ಕಾರ್ಡನ್ನು ತಿರುಗಿಸಿ ಹಿಂಭಾಗಕ್ಕೂ ಇದೇ ಶಾಸ್ತಿ.

ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಧೂಳು, ಬೆರಳಚ್ಚು ಒರೆಸಬಹುದು. ಅಲ್ಲಿಗೇ ನಿಲ್ಲಿಸಿ. ಅಂಚು ಕತ್ತರಿಸುವುದು, ಮೂಲೆಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚುವುದು, ರಾಸಾಯನಿಕ ಹಾಕುವುದು ಇವೆಲ್ಲ ತಿದ್ದುಪಡಿ. ಸಿಕ್ಕಿಬಿದ್ದರೆ ಕಾರ್ಡಿಗೆ ನಂಬರೇ ಕೊಡುವುದಿಲ್ಲ. ಕಾಣದಂತೆ ಮಾರಿದರೆ ಅದು ವಂಚನೆ.

ನೋಡಿದ ಮೇಲೆ ನಿಮ್ಮ ಗ್ರೇಡನ್ನು ಚೀಟಿಯಲ್ಲಿ ಬರೆದಿಡಿ. ನಾಲ್ಕರಲ್ಲಿ ಅತಿ ಕೆಟ್ಟದ್ದು ಯಾವುದೋ, ಒಟ್ಟು ಗ್ರೇಡ್ ಅದರ ಹತ್ತಿರವೇ ಬರುತ್ತದೆ. ಮೂರು ಚೆನ್ನಾಗಿವೆ ಎಂದು ಸರಾಸರಿ ತೆಗೆಯಬೇಡಿ. ವಾಪಸ್ ಬಂದಾಗ ಚೀಟಿಗೂ ಸ್ಲ್ಯಾಬಿಗೂ ತಾಳೆ ನೋಡಿ. ನನ್ನ ಎರಡನೇ ಕಂತಿನಲ್ಲಿ ಅರ್ಧದಷ್ಟು ತಾಳೆಯಾದವು, ನಾಲ್ಕನೆಯದರಲ್ಲಿ ಬಹುಪಾಲು. ನಾನು ಒಂಬತ್ತು ಅಂದ ಕಡೆ ಅವರು ಹತ್ತು ಕೊಟ್ಟದ್ದೂ ಇದೆ. ಅದಕ್ಕೆ ನಾನೇನೂ ತಕರಾರು ಮಾಡಲಿಲ್ಲ.

ಹೆಜ್ಜೆ 5: ಕಳಿಸಿದರೆ ಲಾಭವೋ, ಲೆಕ್ಕ ಹಾಕಿ

ಇಲ್ಲಿ ಪೆನ್ನು ಕಾಗದ ಬೇಕೇ ಬೇಕು. ಗ್ರೇಡ್ ಆಗದ ಕಾರ್ಡನ್ನು ಸಂಗ್ರಾಹಕರು ರಾ ಎನ್ನುತ್ತಾರೆ. ಒಂದು ರಾ ಕಾರ್ಡಿನ ಬೆಲೆ 100 ಅಂತಿಟ್ಟುಕೊಳ್ಳಿ. ಅದೇ ಹತ್ತು ಬಂದರೆ 300, ಒಂಬತ್ತು ಬಂದರೆ 120, ಎಂಟು ಬಂದರೆ 80. ಗ್ರೇಡಿಂಗ್ ಶುಲ್ಕ, ಹೋಗಿ ಬರುವ ಅಂಚೆ, ವಿಮೆ ಎಲ್ಲ ಸೇರಿ 40. ಮಾರುವಾಗ ಕಮಿಷನ್ ನೂರಕ್ಕೆ 13.

ರಾ ಆಗೇ ಮಾರಿದರೆ ಕೈಗೆ 87.

ನಿಮ್ಮ ಪರೀಕ್ಷೆಯ ಪ್ರಕಾರ ಹತ್ತು ಬರುವ ಸಾಧ್ಯತೆ ನೂರಕ್ಕೆ 30, ಒಂಬತ್ತು 50, ಎಂಟು 20 ಅನ್ನಿ. 90, 60, 16 ಕೂಡಿದರೆ 166. ಕಮಿಷನ್ ಹೋಗಿ 144. ಖರ್ಚು 40 ಕಳೆದರೆ 104. ರಾ ಮಾರುವುದಕ್ಕಿಂತ 17 ಜಾಸ್ತಿ. ತಿಂಗಳುಗಟ್ಟಲೆ ಕಾಯುವುದಕ್ಕೆ ಇದು ಸಾಕೋ ಬೇಡವೋ ನೀವೇ ಹೇಳಿ. ಇನ್ನು ಹತ್ತು ಬರುವ ಸಾಧ್ಯತೆ ನೂರಕ್ಕೆ 10 ಮಾತ್ರ, ಒಂಬತ್ತು 60, ಎಂಟು 30 ಆದರೆ? 30, 72, 24 ಸೇರಿ 126. ಕಮಿಷನ್ ಹೋಗಿ 110. ಖರ್ಚು ಕಳೆದರೆ 70. ಸುಮ್ನೆ ರಾ ಆಗಿ ಮಾರಿದ್ದರೆ 87 ಬರುತ್ತಿತ್ತಲ್ವಾ?

ಒಂಬತ್ತು ಬಂದರೂ ನಷ್ಟವಾಗದ ಕಾರ್ಡ್‌ಗಳನ್ನು ಮಾತ್ರ ಕಳಿಸುವುದು ನಾನು ಹಾಕಿಕೊಂಡ ನಿಯಮ. ತೀರಾ ಬಿಗಿ ಅಂತ ಕೆಲವರು ನಗುತ್ತಾರೆ. ನಗಲಿ.

1980ರ ದಶಕದ ಕೊನೆ ಮತ್ತು 1990ರ ದಶಕದ ಶುರುವಿನ ಕಾರ್ಡ್‌ಗಳ ಬಗ್ಗೆ ಒಂದು ಮಾತು. ಆ ಕಾಲಕ್ಕೆ ಜಂಕ್ ವ್ಯಾಕ್ಸ್, ಅಂದರೆ ಮೇಣದ ಪ್ಯಾಕಿನ ಕಸ, ಅಂತಲೇ ಹೆಸರು. ಎಲ್ಲರೂ ಕೂಡಿಡಲು ಹೊರಟರು, ಕಂಪನಿಗಳು ಲೆಕ್ಕವಿಲ್ಲದಷ್ಟು ಮುದ್ರಿಸಿದವು. ಅವುಗಳಲ್ಲಿ ಗೆದ್ದವು ಬೆರಳೆಣಿಕೆಯಷ್ಟು. ಅಪ್ಪರ್ ಡೆಕ್ ಕಂಪನಿಯ 1989ರ ಒಂದನೇ ನಂಬರ್, ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್ ಕಾರ್ಡ್, ಅಂಥದ್ದು. ಅದರಲ್ಲೂ ಹತ್ತು ಗ್ರೇಡಿನವೇ ಸಾವಿರಾರು ಇವೆ. ಆ ಕಾಲದ ಸಾದಾ ಕಾರ್ಡ್‌ಗಳನ್ನು ಗ್ರೇಡಿಂಗ್‌ಗೆ ಕಳಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹೆಜ್ಜೆ 6: ಕಂಪನಿ ಆರಿಸಿ, ಕಟ್ಟಿ ಕಳಿಸಿ

ಪಿಎಸ್‌ಎ 1991ರಿಂದ ಇದೆ. 1ರಿಂದ 10ರ ಅಳತೆ. ಮರುಮಾರಾಟದಲ್ಲಿ ಅದರ ಹತ್ತಕ್ಕೆ ಸಾಮಾನ್ಯವಾಗಿ ಜಾಸ್ತಿ ಬೆಲೆ. ಬೆಕೆಟ್ ಸೆಂಟರಿಂಗ್, ಮೂಲೆ, ಅಂಚು, ಮೇಲ್ಮೈ ನಾಲ್ಕಕ್ಕೂ ಪ್ರತ್ಯೇಕ ಅಂಕ ಕೊಡುತ್ತದೆ. ನಾಲ್ಕೂ ಹತ್ತಾದರೆ ಕಪ್ಪು ಲೇಬಲ್, ಅದು ಸಿಗುವುದು ತೀರಾ ಅಪರೂಪ. ಎಸ್‌ಜಿಸಿಯ ಸ್ಲ್ಯಾಬಿನೊಳಗೆ ಕಪ್ಪು ಚೌಕಟ್ಟು, ಹಳೇ ಕಾರ್ಡ್ ಅದರಲ್ಲಿ ತುಂಬಾ ಚೆಂದ ಕಾಣುತ್ತದೆ. ಸಿಜಿಸಿ ಕಾಮಿಕ್ಸ್‌ನಿಂದ ಬಂದ ಕಂಪನಿ, ಆಟದ ಕಾರ್ಡ್‌ಗಳಲ್ಲಿ ಹೆಸರು ಮಾಡಿದೆ. ನಿಮ್ಮ ಕಾರ್ಡಿಗೆ ಯಾವ ಸ್ಲ್ಯಾಬಿನಲ್ಲಿ ಎಷ್ಟು ಬೆಲೆ ಬಂದಿದೆ ಅನ್ನುವುದನ್ನು ನೋಡಿ ಆರಿಸಿ, ಅಭಿಮಾನದಿಂದ ಅಲ್ಲ.

ಶುಲ್ಕವೂ ಕಾಯುವ ದಿನಗಳೂ ಬದಲಾಗುತ್ತಲೇ ಇರುತ್ತವೆ. 2021ರ ಮಾರ್ಚ್‌ನಲ್ಲಿ ಕಾರ್ಡ್‌ಗಳು ಬೆಟ್ಟದಷ್ಟು ಬಿದ್ದು ಪಿಎಸ್‌ಎ ತನ್ನ ಹೆಚ್ಚಿನ ಸೇವೆಗಳನ್ನೇ ಕೆಲ ಕಾಲ ನಿಲ್ಲಿಸಬೇಕಾಯಿತು. ಅರ್ಜಿಯಲ್ಲಿ ಕಾರ್ಡಿನ ಬೆಲೆ ಘೋಷಿಸಬೇಕು. ಗ್ರೇಡ್ ಆದ ಮೇಲೆ ಬೆಲೆ ಆ ಸೇವೆಯ ಮಿತಿ ದಾಟಿದರೆ ಹೆಚ್ಚುವರಿ ಶುಲ್ಕ ಬರಬಹುದು. ಇದೂ ನಿಮ್ಮ ಲೆಕ್ಕದಲ್ಲಿರಲಿ.

ಕಟ್ಟುವ ಕ್ರಮ ಹೀಗೆ. ಪ್ರತಿ ಕಾರ್ಡಿನ ಹಿಂದೆ ಮುಂದೆ ಫೋಟೋ ತೆಗೆದುಕೊಳ್ಳಿ. ಪೆನ್ನಿ ಸ್ಲೀವ್ ಹಾಕಿ, ಬಾಗುವಂಥ ಅರೆಗಟ್ಟಿ ಹೋಲ್ಡರಿನಲ್ಲಿಡಿ. ಕಾರ್ಡ್ ಸೇವರ್ ಅನ್ನುವುದು ಅದೇ. ಟಾಪ್‌ಲೋಡರ್ ಬೇಡ, ಅದರಿಂದ ಹೊರತೆಗೆಯುವುದು ಅವರಿಗೆ ಕಷ್ಟ, ಕಾರ್ಡಿಗೂ ಅಪಾಯ. ಅರ್ಜಿಯಲ್ಲಿ ಬರೆದ ಕ್ರಮದಲ್ಲೇ ಜೋಡಿಸಿ. ಎರಡು ರಟ್ಟಿನ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬಿಗಿಯಾಗಿ ಅಲ್ಲ, ಅಲುಗಾಡದಷ್ಟು. ಡಬ್ಬದೊಳಗೆ ಸುತ್ತ ಮೆತ್ತೆ. ಅಲ್ಲಾಡಿಸಿ ನೋಡಿ, ಸದ್ದು ಬಂದರೆ ಇನ್ನಷ್ಟು ತುಂಬಿ. ಪೂರ್ತಿ ಬೆಲೆಗೆ ವಿಮೆ ಮಾಡಿಸಿ. ದೇಶ ದಾಟಿ ಹೋಗುವುದಾದರೆ ಕಸ್ಟಮ್ಸ್ ಕಾಗದದಲ್ಲಿ ಇದು ಗ್ರೇಡಿಂಗ್‌ಗೆ ಹೋಗಿ ವಾಪಸ್ ಬರುವ ಸ್ವಂತ ವಸ್ತು ಎಂದು ಸ್ಪಷ್ಟವಾಗಿ ಬರೆಯಿರಿ.

ಹೆಜ್ಜೆ 7: ನಕಲಿಗೆ ಬೀಳಬೇಡಿ

ಫ್ಲೀರ್ ಕಂಪನಿಯ 1986ರ ಮೈಕೆಲ್ ಜೋರ್ಡನ್ ಕಾರ್ಡ್, 57ನೇ ನಂಬರ್, ಬಹುಶಃ ಅತಿ ಹೆಚ್ಚು ನಕಲಾದ ಕಾರ್ಡ್‌ಗಳಲ್ಲಿ ಒಂದು. ರಾ ಆಗಿ ಅಪರಿಚಿತರಿಂದ ಇಂಥದ್ದನ್ನು ಕೊಳ್ಳಲೇಬೇಡಿ. ಫೋಟೋ ನೋಡಿ ದುಡ್ಡು ಕೊಡುವುದು ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆ.

ಭೂತಗನ್ನಡಿಯಲ್ಲಿ ಅಸಲಿ ಕಾರ್ಡಿನ ಬಣ್ಣಗಳು ಸಣ್ಣ ಚುಕ್ಕೆಗಳ ಕ್ರಮವಾದ ಜಾಲವಾಗಿ ಕಾಣುತ್ತವೆ. ಕಪ್ಪು ಅಕ್ಷರಗಳ ಅಂಚು ಚೊಕ್ಕಟವಾಗಿರುತ್ತದೆ. ಮನೆಯ ಪ್ರಿಂಟರಿನ ನಕಲಿಯಲ್ಲಿ ಅಕ್ಷರವೂ ಚುಕ್ಕೆ ಚುಕ್ಕೆ, ಬಣ್ಣ ಕಲಸಿದಂತೆ. ಮ್ಯಾಜಿಕ್ ಕಾರ್ಡಿನ ಹಿಂಭಾಗದ ಹಸಿರು ವೃತ್ತದಲ್ಲಿ ನಾಲ್ಕು ಸಣ್ಣ ಕೆಂಪು ಚುಕ್ಕೆಗಳು ಇಂಗ್ಲಿಷಿನ ಎಲ್ ಅಕ್ಷರದಂತೆ ಕೂತಿರುತ್ತವೆ. ಅನುಮಾನ ಬಂದರೆ ಅದೇ ಸೆಟ್ಟಿನ ಅಗ್ಗದ ಅಸಲಿ ಕಾರ್ಡ್ ಒಂದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಇದಕ್ಕಿಂತ ಒಳ್ಳೆ ಉಪಕರಣ ಬೇರೆ ಇಲ್ಲ. ಗಾತ್ರವನ್ನೂ ತಾಳೆ ನೋಡಿ. ಈಗಿನ ಸಾಮಾನ್ಯ ಅಳತೆ 63.5 × 88.9 ಮಿಲಿಮೀಟರ್. ಯು-ಗಿ-ಓ ಆಟದ ಕಾರ್ಡ್ ಸ್ವಲ್ಪ ಚಿಕ್ಕದು. 1952ರ ಟಾಪ್ಸ್ ಸ್ವಲ್ಪ ದೊಡ್ಡದು. ಅಂಚು ಕತ್ತರಿಸಿದ ಕಾರ್ಡ್ ತನ್ನ ಜೊತೆಯವುಗಳ ಕಟ್ಟಿನಲ್ಲಿ ನಿಲ್ಲಿಸಿದಾಗ ತಗ್ಗಾಗಿ ಕಾಣುತ್ತದೆ.

ಸ್ಲ್ಯಾಬ್‌ನಲ್ಲಿದೆ ಅಂದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. ಸ್ಲ್ಯಾಬ್‌ಗಳನ್ನೇ ನಕಲು ಮಾಡುವವರಿದ್ದಾರೆ. ಲೇಬಲ್ ಮೇಲಿನ ಸರ್ಟಿಫಿಕೇಟ್ ನಂಬರನ್ನು ಕಂಪನಿಯ ತಾಣದಲ್ಲಿ ಹುಡುಕಿ. ಅಲ್ಲಿ ಚಿತ್ರ ಇದ್ದರೆ ಸೆಂಟರಿಂಗ್, ಸಣ್ಣ ಕಲೆ ಎಲ್ಲ ಹೋಲಿಸಿ. ನಂಬರ್ ಅಸಲಿ, ಕಾರ್ಡ್ ಬೇರೆ ಅನ್ನುವುದೂ ಉಂಟು.

ಕಂಪನಿಗಳೂ ಎಡವುತ್ತವೆ. ಪಿಎಸ್‌ಎ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡ್ ಸುಮಾರು 1909ರ ಟಿ206 ಎಂಬ ಬೇಸ್‌ಬಾಲ್ ಸೆಟ್ಟಿನ ಹೋನಸ್ ವ್ಯಾಗ್ನರ್. ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರಿಕೆಯಲ್ಲಿ ಅದನ್ನು ಕೊಂಡಿದ್ದರು. ಅದಕ್ಕೆ ಸಿಕ್ಕ ಗ್ರೇಡ್ ಎಂಟು. ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೊ ಅದರ ಅಂಚು ಕತ್ತರಿಸಿದ್ದಾಗಿ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು.

ಸೀಲ್ ಆದ ಪೆಟ್ಟಿಗೆಗಳಲ್ಲೂ ಅಷ್ಟೇ. ಪೋಕೆಮಾನ್ ಫಸ್ಟ್ ಎಡಿಷನ್ ಪೆಟ್ಟಿಗೆಗಳೆಂದು 35 ಲಕ್ಷ ಡಾಲರ್ ಕೊಟ್ಟಿದ್ದ ಯೂಟ್ಯೂಬರ್ ಲೋಗನ್ ಪಾಲ್, 2022ರ ಜನವರಿಯಲ್ಲಿ ಒಡೆದು ನೋಡಿದಾಗ ಒಳಗಿದ್ದದ್ದು ಜಿ.ಐ. ಜೋ ಕಾರ್ಡ್‌ಗಳು. ಬಿಡಿ ಹಳೇ ಪ್ಯಾಕ್‌ಗಳನ್ನು ತೂಕ ಹಾಕಿ, ಹೊಳಪಿನ ಕಾರ್ಡ್ ಇರುವ ಭಾರದವನ್ನು ತೆಗೆದಿಟ್ಟುಕೊಂಡು ಹಗುರದವನ್ನು ಮಾರುವ ಚಾಲಾಕಿಗಳೂ ಇದ್ದಾರೆ.

ಹೆಜ್ಜೆ 8: ಬೆಲೆ ನೋಡುವುದು, ಕೊಳ್ಳುವುದು, ಮಾರುವುದು

ಕೇಳುವ ಬೆಲೆ ಬೆಲೆಯೇ ಅಲ್ಲ. ಯಾರು ಎಷ್ಟು ಬೇಕಾದರೂ ಕೇಳಬಹುದು. ಇಬೇಯಲ್ಲಿ ಮಾರಾಟವಾದ ಪಟ್ಟಿ ತೆರೆದು, ಅದೇ ಕಾರ್ಡ್, ಅದೇ ಪ್ಯಾರಲಲ್, ಅದೇ ಕಂಪನಿ, ಅದೇ ಗ್ರೇಡಿನ ಕೊನೆಯ ಐದಾರು ಮಾರಾಟ ನೋಡಿ. ಅತಿ ಮೇಲಿನದ್ದು, ಅತಿ ಕೆಳಗಿನದ್ದು ಬಿಟ್ಟುಬಿಡಿ. ಸಂಗ್ರಾಹಕರು ಇದನ್ನೇ ಕಾಂಪ್ಸ್ ಎನ್ನುವುದು. ಚೌಕಾಸಿಯಲ್ಲಿ ಹೋದ ಮಾಲಿಗೆ ಅಲ್ಲಿ ಕಾಣುವ ಬೆಲೆ ನಿಜವಾಗಿ ಕೊಟ್ಟ ಬೆಲೆ ಆಗಿರಲಿಕ್ಕಿಲ್ಲ, ಹುಷಾರು.

ಜೊತೆಗೆ ಪಾಪ್ಯುಲೇಷನ್ ರಿಪೋರ್ಟ್ ನೋಡಿ. ಒಂದು ಕಾರ್ಡಿಗೆ ಯಾವ ಗ್ರೇಡ್ ಎಷ್ಟು ಸಲ ಕೊಟ್ಟಿದ್ದಾರೆ ಅನ್ನುವ ಲೆಕ್ಕ ಅದು, ಗ್ರೇಡಿಂಗ್ ಕಂಪನಿಗಳೇ ಪ್ರಕಟಿಸುತ್ತವೆ. ಹೊಸ ಕಾರ್ಡಿನ ಹತ್ತು ಇವತ್ತು ಐವತ್ತೇ ಇರಬಹುದು. ಎಲ್ಲರೂ ಕಳಿಸಿದ ಡಬ್ಬಗಳು ವಾಪಸ್ ಬಂದ ಮೇಲೆ ಐದು ಸಾವಿರ ಆಗಬಹುದು. ಹಳೆಯ ಕಾರ್ಡಿನಲ್ಲಿ ಆ ಸಂಖ್ಯೆ ಹಾಗೆ ಹಾರುವುದಿಲ್ಲ. ಪೋಕೆಮಾನ್‌ನಂಥ ಆಟದಲ್ಲಿ ಕಂಪನಿಯ ಕೈಯಲ್ಲೇ ಯಂತ್ರ ಇದೆ. 2022ರ ಮಾರ್ಚ್‌ಗೆ ಮುಗಿದ ಒಂದೇ ವರ್ಷದಲ್ಲಿ ಸುಮಾರು 900 ಕೋಟಿ ಕಾರ್ಡ್ ಮುದ್ರಿಸಿದ್ದರು. ಈಗಿನ ಸೆಟ್ಟಿನ ಸಾದಾ ಪೆಟ್ಟಿಗೆ ಗುಡ್ಡೆ ಹಾಕುವವರು ಇದನ್ನು ಒಮ್ಮೆ ನೆನೆಸಿಕೊಳ್ಳಲಿ.

ಕ್ರೀಡಾ ಕಾರ್ಡ್ ಸೀಸನ್ನಿನ ಜೊತೆ ಏರಿಳಿಯುತ್ತದೆ. ಆಟ ಶುರುವಾಗುವ ಹೊತ್ತಿಗೆ ಉತ್ಸಾಹ, ಸೀಸನ್ ಮುಗಿದು ಕೆಲ ತಿಂಗಳಾದರೆ ಎಲ್ಲರೂ ಮರೆತಿರುತ್ತಾರೆ. ಕೊಳ್ಳಲು ಒಳ್ಳೆಯದು ಆ ಮರೆವಿನ ಕಾಲ. ಒಂದು ಅದ್ಭುತ ಪಂದ್ಯದ ಮರುದಿನ ಎಲ್ಲರೂ ಹುಡುಕುತ್ತಿರುವಾಗ ಮಾರುವುದು ಜಾಣತನ, ಕೊಳ್ಳುವುದು ಅಲ್ಲ. ಹೊಸ ಆಟಗಾರನ ಮೇಲೆ ಪಣ ಕಟ್ಟುವುದು ನನಗಂತೂ ಒಗ್ಗಿಲ್ಲ. ಒಂದು ಮಂಡಿಯ ಗಾಯ ಸಾಕು, ವರ್ಷದ ಲೆಕ್ಕಾಚಾರ ನೀರುಪಾಲು.

ನಿವೃತ್ತ ದಿಗ್ಗಜರ ಕಾರ್ಡ್ ಕ್ಷೇಮ ಅನ್ನುತ್ತಾರೆ. ಹೋಲಿಸಿದರೆ ಹೌದು. ಆದರೆ ಆ ಫ್ಲೀರ್ ಜೋರ್ಡನ್ ಪಿಎಸ್‌ಎ 10 ಪ್ರತಿಯನ್ನೇ ನೋಡಿ. 2021ರ ಜನವರಿಯಲ್ಲಿ 7,38,000 ಡಾಲರ್ ಮುಟ್ಟಿತ್ತು. ಎರಡು ವರ್ಷ ತುಂಬುವುದರೊಳಗೆ ಎರಡು ಲಕ್ಷದ ಆಸುಪಾಸಿಗೆ ಬಂದಿತ್ತು. ಜೋರ್ಡನ್ ಅಷ್ಟರಲ್ಲಿ ಏನೂ ಕೆಟ್ಟದಾಗಿ ಆಡಿರಲಿಲ್ಲ! ಮಾರುಕಟ್ಟೆಗೆ ನುಗ್ಗಿದ್ದ ದುಡ್ಡು ಹಿಂದೆ ಸರಿದಿತ್ತು. ಕಾರ್ಡ್ ಬಡ್ಡಿ ಕೊಡುವುದಿಲ್ಲ, ಬಾಡಿಗೆ ತರುವುದಿಲ್ಲ. ತುರ್ತಿಗೆ ಮಾರಲು ಹೊರಟರೆ ಅವತ್ತೇ ಗಿರಾಕಿ ಸಿಗಬೇಕೆಂದೇನೂ ಇಲ್ಲ. ಸಾಲ ಮಾಡಿ, ಇಲ್ಲವೇ ಬೇಕಾಗುವ ದುಡ್ಡು ತೆಗೆದು ಇದರಲ್ಲಿ ಹಾಕಬೇಡಿ.

ಗುಂಪು ಬ್ರೇಕ್ ಅಂತ ಒಂದಿದೆ. ಯಾರೋ ಪೆಟ್ಟಿಗೆ ಒಡೆಯುತ್ತಾರೆ, ನೀವು ಒಂದು ತಂಡದ ಪಾಲು ಕೊಂಡಿರುತ್ತೀರಿ, ಆ ತಂಡದ ಕಾರ್ಡ್ ಬಂದರೆ ನಿಮಗೆ. ಮಜಾ ಇದೆ, ಒಪ್ಪುತ್ತೇನೆ. ಅದರ ಖರ್ಚನ್ನು ಮನರಂಜನೆ ಖಾತೆಯಲ್ಲಿ ಬರೆಯಿರಿ. ನಿಮಗೆ ಒಂದು ನಿರ್ದಿಷ್ಟ ಕಾರ್ಡ್ ಬೇಕಿದ್ದರೆ ಆ ಒಂದೇ ಕಾರ್ಡನ್ನು ಕೊಳ್ಳುವುದು ಹೆಚ್ಚು ಕಡಿಮೆ ಯಾವಾಗಲೂ ಅಗ್ಗ.

ಹೆಜ್ಜೆ 9: ಲೆಕ್ಕದ ಪುಸ್ತಕ

ಪ್ರತಿ ಕಾರ್ಡಿಗೆ ಒಂದು ಸಾಲು. ಕೊಂಡ ದಿನ, ಕೊಟ್ಟ ದುಡ್ಡು, ಅಂಚೆ, ಗ್ರೇಡಿಂಗ್ ಖರ್ಚು, ಸರ್ಟಿಫಿಕೇಟ್ ನಂಬರ್, ಯಾವ ಡಬ್ಬದಲ್ಲಿದೆ. ಮಾರಿದರೆ ಕಮಿಷನ್ ಕಳೆದು ಕೈಗೆ ಬಂದದ್ದು. ಲಾಭಕ್ಕೆ ತೆರಿಗೆ ಕಟ್ಟಬೇಕಾದಾಗ ಇದೇ ಆಧಾರ, ವಿಮೆಗೂ ಇದೇ. ವರ್ಷದ ಕೊನೆಯಲ್ಲಿ ಕೂಡಿಸಿ ನೋಡಿ. ನಾನು ಮೊದಲ ಸಲ ಕೂಡಿಸಿದಾಗ, ಲಾಭ ಅಂದುಕೊಂಡಿದ್ದ ವರ್ಷ ನಷ್ಟವಾಗಿತ್ತು. ಅಂಚೆ ಖರ್ಚನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪುಸ್ತಕ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಡಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಮನೆಯವರಿಗೆ ಎರಡು ಸಾಲು ಬರೆದಿದ್ದೇನೆ: ಮೂರನೇ ಡಬ್ಬವನ್ನು ರದ್ದಿಗೆ ಹಾಕಬೇಡಿ. ಒಂದನೇ ಡಬ್ಬವನ್ನು ಹಾಕಿದರೂ ಪರವಾಗಿಲ್ಲ.